ಹೆಜ್ಜೆಗೆ ಯಾವ ಕುಲ?

ಆಳಂದ ತಾಲ್ಲೂಕಿನ ಖಜೂರಿ ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡ ಊರು. ಉಮರ್ಗಾದ ಹಾದಿ ಹಿಡಿದರೆ ತುಸು ಹೊತ್ತಿನಲ್ಲೇ ಅಂಗಡಿಗಳ ಹೆಸರುಫಲಕ ಮರಾಠಿಗೆ ತಿರುಗುತ್ತದೆ. ಇಲ್ಲಿಂದ ಅಫಜಲಪುರ, ಜೇವರ್ಗಿಯವರೆಗೆ ಹರಡಿದ ಈ ಸೀಮೆಯಲ್ಲಿ ಜನ ಕೂಡಿ ಕುಣಿಯುವ ಬಗೆಗಳು ಒಂದೆರಡಲ್ಲ. ಮೊಹರಂ ಬಂತೆಂದರೆ ಹಲಗೆಯ ಬಡಿತಕ್ಕೆ ಅಲಾಯಿ ಕುಣಿ ಎಂಬ ಬೆಂಕಿಗುಂಡಿಯ ಸುತ್ತ ಹೆಜ್ಜೆ ಹಾಕುತ್ತಾರೆ. ಜಾತ್ರೆಗೆ ಕೋಲಾಟದ ಮೇಳ ಬರುತ್ತದೆ. ಶಾಲೆಯ ಮೈದಾನದಲ್ಲಿ, ಮೆರವಣಿಗೆಗಳಲ್ಲಿ ಲೇಜಿಮ್ ಝಲ್ಲೆನ್ನುತ್ತದೆ. ತಾಂಡಾಗಳಲ್ಲಿ ತೀಜ್ ಹಬ್ಬಕ್ಕೆ ಗೋಧಿ ಸಸಿಯ ಬುಟ್ಟಿಗಳನ್ನಿಟ್ಟು ಬಂಜಾರ ಹೆಣ್ಣುಮಕ್ಕಳು ಸುತ್ತುಗಟ್ಟಿ ಹಾಡುತ್ತ ಕುಣಿಯುತ್ತಾರೆ. ಇವೆಲ್ಲವನ್ನೂ ‘ಜಾನಪದ ನೃತ್ಯ’ ಎಂಬ ಒಂದೇ ಚೀಲಕ್ಕೆ ಹಾಕಿ ಮಾತಾಡುವ ರೂಢಿ ಬಂದಿದೆ. ಆ ಮಾತಿನ ಅಡಿಯಲ್ಲಿ ಒಂದು ನಂಬಿಕೆ ಕೂತಿದೆ. ಯುವಜನೋತ್ಸವದ ಸ್ವಾಗತ ಭಾಷಣದಲ್ಲಿ, ಶಾಲೆಯ ಪ್ರಬಂಧದಲ್ಲಿ, ಸನ್ಮಾನಪತ್ರದ ಒಕ್ಕಣೆಯಲ್ಲಿ ಅದು ಮತ್ತೆ ಮತ್ತೆ ಕೇಳಿಬರುತ್ತದೆ. ಯಾರೂ ಅದನ್ನು ಪ್ರಶ್ನಿಸುವುದಿಲ್ಲವಾದ್ದರಿಂದ ಬಿಡಿಸಿ ನೋಡುವ ಅಗತ್ಯ ಇನ್ನೂ ಹೆಚ್ಚು.

ನಂಬಿಕೆಯನ್ನು ಅದರ ಗಟ್ಟಿ ರೂಪದಲ್ಲೇ ಹೇಳಬೇಕು. ಅದರಲ್ಲಿ ಮೂರು ಮಾತು ಒಂದಕ್ಕೊಂದು ಹೆಣೆದುಕೊಂಡಿವೆ.

1. ಜನಪದ ಕುಣಿತಗಳು ಬಹು ಪ್ರಾಚೀನ. ಇಂಥವರು ಇಂಥ ಕಾಲಕ್ಕೆ ಕಟ್ಟಿದರೆಂದು ಹೇಳಲು ಬಾರದಷ್ಟು ಹಳೆಯವು. ಆ ಹಳೆತನವೇ ಅವುಗಳ ಬೆಲೆ.

2. ಒಂದೊಂದು ಕುಣಿತವೂ ಒಂದು ಸಮುದಾಯದ ರಕ್ತದಲ್ಲಿ ಬಂದದ್ದು, ಆ ಸಮುದಾಯದ ಸ್ವತ್ತು. ಹೊರಗಿನದು ಬೆರೆತಷ್ಟೂ ಅದು ಕೆಡುತ್ತದೆ.

3. ಆದಕಾರಣ ಉಳಿಸುವುದೆಂದರೆ ಇದ್ದದ್ದನ್ನು ಇದ್ದಂತೆಯೇ ಹಿಡಿದಿಡುವುದು. ವೇಷ ಗೊತ್ತುಮಾಡಿ, ಹೆಜ್ಜೆ ಗೊತ್ತುಮಾಡಿ, ಶುದ್ಧ ರೂಪವೆಂದು ಮೊಹರು ಒತ್ತಿ ವೇದಿಕೆಗೆ ತರುವುದು.

ಇದನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ಇದರ ಹಿಂದೆ ನಿಜವಾದ ಸಂಕಟವಿದೆ. ದುಡಿಮೆಗೆಂದು ಪುಣೆ, ಮುಂಬೈ, ಹೈದರಾಬಾದ್ ಸೇರಿದ ಹುಡುಗರು ಹಬ್ಬಕ್ಕೆ ಊರಿಗೆ ಬಂದರೂ ಪದ ಕಲಿಯುವಷ್ಟು ದಿನ ನಿಲ್ಲುವುದಿಲ್ಲ. ಹಾಡಿಕೆಯ ಹಿರಿಯನೊಬ್ಬ ತೀರಿಕೊಂಡರೆ ಅವನ ಎದೆಯಲ್ಲಿದ್ದ ನೂರಾರು ನುಡಿ ಅವನೊಂದಿಗೇ ಮಣ್ಣಾಗುತ್ತವೆ. ಪಕ್ಕದ ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರಿಗೆ ಇದೇ ಸಂಕಟ ತಟ್ಟದೆ ಹೋಗಿದ್ದರೆ 1931ರಲ್ಲಿ ಜನಪದ ಹಾಡುಗಳ ಸಂಗ್ರಹ ‘ಗರತಿಯ ಹಾಡು’ ಅಚ್ಚಾಗುತ್ತಿರಲಿಲ್ಲ. ಎಚ್.ಎಲ್. ನಾಗೇಗೌಡರು ಇದೇ ಕಳವಳದಿಂದ 1979ರಲ್ಲಿ ಜಾನಪದ ಪರಿಷತ್ತು ಕಟ್ಟಿದರು, ಆಮೇಲೆ ರಾಮನಗರದ ಬಳಿ ಜಾನಪದ ಲೋಕವನ್ನು ನಿಲ್ಲಿಸಿದರು. ಕಳೆದುಹೋಗುತ್ತಿದೆ ಎಂಬ ಅಳಲು ಸುಳ್ಳಲ್ಲ. ಆದರೆ ಕಳೆದುಹೋಗುತ್ತಿರುವುದು ಯಾವುದು ಎಂಬ ಪ್ರಶ್ನೆಗೆ ಮೇಲಿನ ಮೂರು ಮಾತು ತಪ್ಪು ಉತ್ತರ ಕೊಡುತ್ತವೆ. ರೋಗ ನಿಜವಾದರೂ ಮದ್ದು ಬೇರೆ ರೋಗದ್ದಾಗಿಬಿಟ್ಟಿದೆ.

ಇದನ್ನು ತೋರಿಸಲು ಒಮ್ಮೆ ಬಹುದೂರ ಹೋಗಿ ಬರುವುದು ಒಳ್ಳೆಯದು. ಇದೇ ನಂಬಿಕೆ ಅಮೆರಿಕದಲ್ಲಿ ಕಾನೂನಿನ ಮಟ್ಟಕ್ಕೆ ಏರಿತು, ಅದರ ಫಲವನ್ನು ಈಗ ಕಣ್ಣಾರೆ ನೋಡಬಹುದು. ಅಲ್ಲಿನ ಹಳ್ಳಿಗಾಡಿನಲ್ಲಿ ಸ್ಕ್ವೇರ್ ಡಾನ್ಸ್ ಎಂಬ ಕುಣಿತವಿದೆ. ನಾಲ್ಕು ಜೋಡಿಗಳು ಚೌಕದ ನಾಲ್ಕು ಬದಿಗೆ ಎದುರುಬದುರು ನಿಲ್ಲುತ್ತವೆ. ಪಿಟೀಲು, ಬ್ಯಾಂಜೊ ನುಡಿಯುತ್ತವೆ. ಮುಂದಿನ ಹೆಜ್ಜೆ ಯಾವುದೆಂದು ಒಬ್ಬ ತಾಳಕ್ಕೆ ಸರಿಯಾಗಿ ಕೂಗಿ ಹೇಳುತ್ತಾನೆ. ಅವನೇ ಕಾಲರ್. ಅವನು ಕೂಗಿದಂತೆ ಎಂಟು ಜನ ತಿರುಗುತ್ತಾರೆ, ಜೊತೆ ಬದಲಿಸುತ್ತಾರೆ, ಮತ್ತೆ ತಮ್ಮ ಬದಿಗೆ ಮರಳುತ್ತಾರೆ. 1920ರ ದಶಕದಲ್ಲಿ ಮೋಟಾರು ಕಾರಿನ ಧಣಿ ಹೆನ್ರಿ ಫೋರ್ಡ್‌ಗೆ ಈ ಕುಣಿತದ ಮೇಲೆ ಅಪಾರ ಮೋಹ ಹುಟ್ಟಿತು. ನಗರಗಳಲ್ಲಿ ಜಾಜ್ ಸಂಗೀತ ಹಬ್ಬುತ್ತಿದ್ದ ಕಾಲ ಅದು. ಜಾಜ್ ದೇಶವನ್ನು ಕೆಡಿಸುತ್ತಿದೆ, ಅದು ಯಹೂದಿಗಳ ಸಂಚು ಎಂದು ಫೋರ್ಡ್ ಒಡೆತನದ ಪತ್ರಿಕೆ 1921ರಲ್ಲಿ ಬರೆಯಿತು. ಅದಕ್ಕೆ ಮದ್ದೆಂದು ಅವನು ಹಳೆಯ ಕುಣಿತಗಳನ್ನು ಮುಂದಿಟ್ಟ. ಬೆಂಜಮಿನ್ ಲೊವೆಟ್ ಎಂಬ ಕುಣಿತದ ಮೇಷ್ಟ್ರನ್ನು ಕರೆಸಿಕೊಂಡ, 1926ರಲ್ಲಿ ‘ಗುಡ್ ಮಾರ್ನಿಂಗ್’ ಎಂಬ ಕೈಪಿಡಿ ಹೊರತಂದ, ಶಾಲೆಗಳಲ್ಲಿ ಕಲಿಸಲು ಹಣ ಚೆಲ್ಲಿದ. ಕಲಬೆರಕೆಯಿಲ್ಲದ ಬಿಳಿಯರ ಹಳ್ಳಿ ಸಂಸ್ಕೃತಿ ಇದೇ ಎಂಬುದು ಅವನ ಎಣಿಕೆ. ಅವನ ಕಾಲ ಮುಗಿದರೂ ಎಣಿಕೆ ಮುಗಿಯಲಿಲ್ಲ. 1982ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಶಾಸನವೊಂದು ಆ ವರ್ಷಕ್ಕೂ ಮರುವರ್ಷಕ್ಕೂ ಸ್ಕ್ವೇರ್ ಡಾನ್ಸನ್ನು ‘ರಾಷ್ಟ್ರೀಯ ಜನಪದ ನೃತ್ಯ’ ಎಂದು ಸಾರಿತು. 20ಕ್ಕೂ ಹೆಚ್ಚು ರಾಜ್ಯಗಳು ಇದನ್ನು ತಮ್ಮ ಅಧಿಕೃತ ನೃತ್ಯವೆಂದು ಅಂಗೀಕರಿಸಿದವು. ಈ ಪದವಿಯನ್ನು ಇಡೀ ದೇಶಕ್ಕೆ ಶಾಶ್ವತಗೊಳಿಸುವ ಯತ್ನ ಮಾತ್ರ ಪದೇಪದೇ ಸೋತಿತು. ವಿರೋಧಿಸಿದವರಲ್ಲಿ ಅಲ್ಲಿನ ಜಾನಪದ ವಿದ್ವಾಂಸರೇ ಮುಂದಿದ್ದರು.

ಅವರು ಯಾಕೆ ವಿರೋಧಿಸಿದರು ಎಂಬುದಕ್ಕೆ ಕುಣಿತದ ಕೂಗುಗಳೇ ಸಾಕ್ಷಿ ಹೇಳುತ್ತವೆ. ಅಪ್ಪಟ ಅಮೆರಿಕದ ಹಳ್ಳಿ ಕೂಗೆಂದು ತಿಳಿದಿರುವ ‘ಡೊ-ಸಿ-ಡೊ’ ಎಂಬುದು ಬೆನ್ನಿಗೆ ಬೆನ್ನು ಎಂಬರ್ಥದ ಫ್ರೆಂಚ್ ‘ದೊ-ಸಾ-ದೊ’ವಿನ ಸವಕಲು ರೂಪ. ‘ಸಶೇ’ ಎಂಬ ಹೆಜ್ಜೆ ಫ್ರೆಂಚಿನ ‘ಶಾಸೇ’. ‘ಅಲ್ಲೆಮಾಂಡ್’ ಎಂದರೆ ಫ್ರೆಂಚರ ಬಾಯಲ್ಲಿ ಜರ್ಮನಿಯದು. ಇಂಗ್ಲೆಂಡಿನ ಹಳ್ಳಿ ಕುಣಿತ ಫ್ರಾನ್ಸಿನ ಅರಮನೆಗೆ ಹೋಗಿ ಕ್ವಾಡ್ರಿಲ್ ಆಗಿ, ಅಲ್ಲಿಂದ ಕಡಲು ದಾಟಿ ಅಮೆರಿಕದ ಕೊಟ್ಟಿಗೆಗೆ ಬಂತು. ಇನ್ನು ಬ್ಯಾಂಜೊ ಆಫ್ರಿಕದಿಂದ ಬಂದವರ ಕೈಯಲ್ಲಿ ಹುಟ್ಟಿದ ವಾದ್ಯ. ತೋಟದ ಧಣಿಗಳ ಕುಣಿತಕ್ಕೆ ಪಿಟೀಲು ನುಡಿಸಿದವರಲ್ಲಿ ಗುಲಾಮರು ಬಹಳ ಮಂದಿ. ಸಾಲೊಮನ್ ನಾರ್ತಪ್ ಎಂಬ ಕಪ್ಪು ಮನುಷ್ಯನನ್ನು ಮೋಸದಿಂದ ಲೂಸಿಯಾನಾಗೆ ಮಾರಿದ್ದರು. ತನ್ನನ್ನು ಹೀಗೆ ಪಿಟೀಲಿಗಾಗಿ ಬಾಡಿಗೆಗೆ ಕಳಿಸುತ್ತಿದ್ದುದನ್ನು ಅವನು 1853ರಲ್ಲಿ ಅಚ್ಚಾದ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಹೆಜ್ಜೆಯನ್ನು ಕೂಗಿ ಹೇಳುವ ಪದ್ಧತಿಯೇ ಕಪ್ಪು ವಾದ್ಯಗಾರರಿಂದ ಬೆಳೆದದ್ದು ಎಂದು ಫಿಲ್ ಜೇಮಿಸನ್ ಎಂಬ ಸಂಶೋಧಕ 2015ರ ತನ್ನ ಪುಸ್ತಕದಲ್ಲಿ ವಾದಿಸಿದ್ದಾನೆ. ಅಂದರೆ ಫೋರ್ಡ್ ಯಾವ ಬೆರಕೆಗೆ ಹೆದರಿ ಈ ಕುಣಿತವನ್ನು ಅಪ್ಪಿಕೊಂಡನೋ ಆ ಬೆರಕೆಯಿಂದಲೇ ಅದು ಹುಟ್ಟಿತ್ತು. ಅದನ್ನು ಶುದ್ಧವೆಂದು ಕರೆಯಬೇಕಾದರೆ ಅದಕ್ಕೆ ದುಡಿದವರ ಹೆಸರನ್ನು ಮೊದಲು ಅಳಿಸಬೇಕಿತ್ತು. ಹಾಗೇ ಆಯಿತು.

ಈಗ ಊರಿಗೆ ಮರಳೋಣ.

ಮೊದಲನೆಯದು ಹಳೆತನದ ಮಾತು. ಕೋಲಾಟ ಹಳೆಯದು, ಅದರಲ್ಲಿ ಅನುಮಾನವಿಲ್ಲ. ಹಂಪಿಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪದಲ್ಲಿ ಕೋಲು ಹಿಡಿದು ಕುಣಿಯುವ ಹೆಣ್ಣುಮಕ್ಕಳಿದ್ದಾರೆ. 1623ರಲ್ಲಿ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇನ್ನೂ ಸ್ಪಷ್ಟವಾಗಿ ಬರೆದಿದ್ದಾನೆ. ಹೆಣ್ಣುಮಕ್ಕಳ ಗುಂಪು ಬಣ್ಣದ ಪುಟ್ಟ ಕೋಲುಗಳನ್ನು ತಾಳಕ್ಕೆ ತಟ್ಟುತ್ತ ಸುತ್ತುತ್ತಿತ್ತು, ಒಬ್ಬಳು ಒಂದು ನುಡಿ ಹಾಡಿದರೆ ಉಳಿದವರು ಏಳೆಂಟು ಸಲ ‘ಕೋಲೆ’ ಎಂದು ಮರುನುಡಿಯುತ್ತಿದ್ದರು. ಆ ಪದದ ಅರ್ಥ ಅವನಿಗೆ ತಿಳಿಯಲಿಲ್ಲ, ಸಂತೋಷದ ಕೂಗಿರಬಹುದೆಂದು ಊಹಿಸಿದ. ಅರ್ಥ ಕನ್ನಡದ ಮಗುವಿಗೂ ಗೊತ್ತು. ನಾನೂರು ವರ್ಷ ದಾಟಿ ಆ ಮರುನುಡಿ ಇಂದಿಗೂ ಊರೂರಿನ ಬಾಯಲ್ಲಿದೆ ಎಂಬುದು ರೋಮಾಂಚನದ ಸಂಗತಿಯೇ ಸರಿ. ಆದರೆ ಉಳಿದದ್ದು ಏನೆಂದು ಗಮನಿಸಬೇಕು. ಇಕ್ಕೇರಿಯಲ್ಲಿ ಕುಣಿದವರು ಹೆಣ್ಣುಮಕ್ಕಳು, ಇಂದು ಅನೇಕ ಊರುಗಳ ಕೋಲಾಟದ ಮೇಳದಲ್ಲಿ ಗಂಡಸರೇ ಇರುತ್ತಾರೆ. ಹಾಡು ಬದಲಾಗಿದೆ, ಉಡುಗೆ ಬದಲಾಗಿದೆ, ಕುಣಿಯುವ ಸಂದರ್ಭ ಬದಲಾಗಿದೆ. ಬದಲಾಗದೆ ಬಂದದ್ದು ಒಂದು ಏರ್ಪಾಡು: ಒಬ್ಬರು ಸೊಲ್ಲು ಕೊಡುತ್ತಾರೆ, ಎಲ್ಲರೂ ಸೇರಿ ಅದನ್ನು ಮರಳಿಸುತ್ತಾರೆ. ಕಾಲರ್ ಕೂಗಿದ್ದಕ್ಕೆ ಅಮೆರಿಕದ ಎಂಟು ಜನ ಕಾಲಿನಿಂದ ಉತ್ತರ ಕೊಟ್ಟರೆ ಇಕ್ಕೇರಿಯ ಹೆಣ್ಣುಮಕ್ಕಳು ಕೋಲಿನಿಂದಲೂ ಕೊರಳಿನಿಂದಲೂ ಕೊಟ್ಟರು. ಏರ್ಪಾಡು ಉಳಿದದ್ದಕ್ಕೆ ಕಾರಣವೇ ಅದರೊಳಗಿನ ಉಳಿದೆಲ್ಲವನ್ನೂ ಬದಲಿಸಲು ಬರುತ್ತಿತ್ತು ಎಂಬುದು. ಹಳೆತನವನ್ನೇ ಬೆಲೆಯೆಂದು ತಿಳಿದವರು ಈ ಕಾರಣವನ್ನು ತಿರುವುಮುರುವು ಮಾಡುತ್ತಾರೆ. ಬದಲಾಗದ್ದರಿಂದ ಉಳಿಯಿತು ಎನ್ನುತ್ತಾರೆ.

ಎಲ್ಲ ಕುಣಿತಕ್ಕೂ ಅನಾದಿ ಪಟ್ಟ ಸಲ್ಲುವುದೂ ಇಲ್ಲ. ಮೊಹರಂ ಹೆಜ್ಜೆಯನ್ನೇ ತೆಗೆದುಕೊಳ್ಳಿ. ಅದು ನೆನೆಯುವ ಕರ್ಬಲಾ ಕಾಳಗ ನಡೆದದ್ದು ಕ್ರಿ.ಶ. 680ರಲ್ಲಿ. ಹಸನ್ ಹುಸೇನರ ಶೋಕದ ಈ ಆಚರಣೆ ದಖ್ಖನಿನಲ್ಲಿ ಬೇರುಬಿಟ್ಟದ್ದು 16ನೆಯ ಶತಮಾನದಿಂದೀಚೆಗೆ, ವಿಜಯಪುರದ ಆದಿಲ್‌ಶಾಹಿಗಳೂ ಗೋಲ್ಕೊಂಡದ ಕುತುಬ್‌ಶಾಹಿಗಳೂ ಶಿಯಾ ಪಂಥಕ್ಕೆ ರಾಜಾಶ್ರಯ ಕೊಟ್ಟ ಮೇಲೆ. ಇದೆಲ್ಲ ಹಳೆಯ ಸುಗ್ಗಿ ಕುಣಿತದ ಮುಂದುವರಿಕೆ ಎಂದು ಸುಲಭದ ವಿವರಣೆ ಕೊಡುವವರುಂಟು. ಆದರೆ ಮೊಹರಂ ಚಾಂದ್ರಮಾನದ ಹಿಜರಿ ಪಂಚಾಂಗಕ್ಕೆ ಸೇರಿದ್ದು, ವರ್ಷದಿಂದ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಒಂದು ಕಾಲಕ್ಕೆ ತೊಗರಿ ಕಟಾವಿನಲ್ಲಿ ಬಂದ ಹಬ್ಬ ಇನ್ನೊಂದು ಕಾಲಕ್ಕೆ ಮುಂಗಾರು ಬಿತ್ತನೆಯಲ್ಲಿ, ಮತ್ತೊಮ್ಮೆ ಕಡು ಬೇಸಿಗೆಯಲ್ಲಿ ಬರುತ್ತದೆ. ಯಾವ ಸುಗ್ಗಿಗೂ ಅದು ಕಟ್ಟುಬಿದ್ದಿಲ್ಲ. ಅಲಾಯಿ ಕುಣಿಯ ಸುತ್ತ ಹಾಕುವ ಹೆಜ್ಜೆಯಲ್ಲಿ ಅದಕ್ಕಿಂತ ಮುಂಚಿನ ಹೆಜ್ಜೆಗಳ ನೆನಪಿರಬಹುದು, ಇರಲಿ. ಆದರೂ ಹಬ್ಬಕ್ಕೆ ಇತಿಹಾಸದಲ್ಲಿ ಬಾಗಿಲು ಇದೆ, ಅದು ಯಾವ ಕಾಲಕ್ಕೆ ತೆರೆಯಿತೆಂದೂ ಹೇಳಬಹುದು. ಅದರಿಂದ ಅದರ ಗೌರವ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ.

ಎರಡನೆಯದು ರಕ್ತ ಮತ್ತು ಸ್ವತ್ತಿನ ಮಾತು. ಇಲ್ಲಿಯೂ ಪದಗಳೇ ಮೊದಲ ಸಾಕ್ಷಿ. ಮೊಹರಮ್ಮಿನ ಮುಖ್ಯ ರಾತ್ರಿಗೆ ಉರ್ದುವಿನಲ್ಲಿ ‘ಕತ್ಲ್ ಕೀ ರಾತ್’, ಹತ್ಯೆಯ ರಾತ್ರಿ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ‘ಕತ್ತಲ ರಾತ್ರಿ’ಯಾಗಿ ಕೇಳಿಸಿತು. ಬೆಂಕಿಯ ಬೆಳಕೊಂದೇ ಉಳಿಯುವ ಆ ಶೋಕದ ರಾತ್ರಿಗೆ ಆ ಹೆಸರು ಎಷ್ಟು ಒಪ್ಪಿತೆಂದರೆ ಇನ್ನೊಂದು ಅರ್ಥವಿತ್ತೆಂಬುದೇ ಮರೆಯಾಯಿತು. ‘ದೊ-ಸಾ-ದೊ’ ಡೊ-ಸಿ-ಡೊ ಆದದ್ದೂ ಹೀಗೆಯೇ. ‘ರಿವಾಯತ್’ ಎಂದರೆ ಅರಬ್ಬಿಯಲ್ಲಿ ಪರಂಪರೆಯಿಂದ ಕೇಳಿ ಹೇಳಿದ ಕಥನ. ಈ ಸೀಮೆಯಲ್ಲಿ ರಿವಾಯತ್ ಪದ ಎಂದರೆ ಕರ್ಬಲಾದ ಕಥೆಯನ್ನು ಕನ್ನಡದ ಮಟ್ಟಿನಲ್ಲಿ, ಕನ್ನಡದ ಉಪಮೆಯಲ್ಲಿ ಹಾಡುವುದು. ಕಟ್ಟಿದವರಲ್ಲಿ ಮುಸಲ್ಮಾನರೂ ಇದ್ದಾರೆ, ಹಿಂದೂಗಳೂ ಇದ್ದಾರೆ. ಮುಸಲ್ಮಾನರ ಒಂದು ಮನೆಯೂ ಇಲ್ಲದ ಊರಿನಲ್ಲಿ ಪಂಜಾ ಎಂಬ ಹಸ್ತದ ಲಾಂಛನ ಕೂರಿಸಿ, ಚೋಂಗೆಯ ಸಿಹಿ ಮಾಡಿ, ಹೆಜ್ಜೆ ಹಾಕುವುದು ಉತ್ತರ ಕರ್ನಾಟಕದಲ್ಲಿ ಅಪರೂಪವೇನಲ್ಲ. ರಹಮತ್ ತರೀಕೆರೆಯವರು ‘ಕರ್ನಾಟಕದ ಮೊಹರಂ’ ಕುರಿತು ಒಂದು ಪುಸ್ತಕವನ್ನೇ ಬರೆದಿದ್ದಾರೆ. ಹೀಗಿರುವಾಗ ಈ ಹೆಜ್ಜೆ ಯಾರ ರಕ್ತದ್ದು?

ಈ ಪ್ರಶ್ನೆಗೆ ಎರಡು ದಿಕ್ಕಿನಿಂದ ಎರಡು ಉತ್ತರ ಬರುತ್ತವೆ. ಹಲಗೆ ಬಾರಿಸಿ ಕುಣಿಯುವುದು ಧರ್ಮಕ್ಕೆ ಹೊರತು, ಇದು ನಿಜವಾದ ಮೊಹರಂ ಅಲ್ಲ ಎಂದು ಮುಸಲ್ಮಾನರಲ್ಲಿ ಕೆಲವರು ಹೇಳುತ್ತಾರೆ. ಇದು ನಮ್ಮ ಹಬ್ಬವೇ ಅಲ್ಲ, ನಾವು ಯಾಕೆ ಕುಣಿಯಬೇಕು ಎಂದು ಹಿಂದೂಗಳಲ್ಲಿ ಕೆಲವರು ಹೇಳುತ್ತಾರೆ. ಇಬ್ಬರೂ ಪರಸ್ಪರ ವಿರೋಧಿಗಳು, ಆದರೆ ಇಬ್ಬರ ತರ್ಕ ಒಂದೇ: ಕುಣಿತಕ್ಕೆ ಒಂದೇ ಒಡೆಯ ಇರಬೇಕು. ಮೊದಲನೆಯವರ ಮಾತಿನಲ್ಲಿ ಒಂದು ತೂಕದ ಅಂಶವಿದೆ. ಶೋಕವನ್ನು ಕುಣಿತವಾಗಿಸಿದರೆ ಶೋಕಕ್ಕೆ ಅವಮಾನವಲ್ಲವೇ ಎಂಬ ಪ್ರಶ್ನೆ ಧಾರ್ಮಿಕವಾಗಿ ಗಂಭೀರವಾದದ್ದು. ಅದನ್ನು ಶ್ರದ್ಧೆಯುಳ್ಳವರು ತಮ್ಮೊಳಗೆ ಚರ್ಚಿಸಿ ತೀರ್ಮಾನಿಸಲಿ. ಆದರೆ ರಿವಾಯತ್ ಹಾಡುವವರ ದನಿಯಲ್ಲಿ ಅಳು ಇರುತ್ತದೆ, ಹೆಜ್ಜೆ ಆ ಅಳುವಿಗೆ ತಾಳ ಹಿಡಿಯುತ್ತದೆ. ಸತ್ತವರ ಮುಂದೆ ಹಾಡಿಕೊಂಡು ಅಳುವ, ಭಜನೆ ಮಾಡುತ್ತ ಹೆಣ ಒಯ್ಯುವ ಈ ನೆಲಕ್ಕೆ ಕುಣಿತವೆಂದರೆ ಬರೀ ಉಲ್ಲಾಸವಲ್ಲ. ಎರಡನೆಯ ಉತ್ತರಕ್ಕೆ ಈ ತೂಕವೂ ಇಲ್ಲ. ತಲೆಮಾರುಗಳಿಂದ ಹರಕೆ ಹೊತ್ತು ಬಂದ ಮನೆಗೆ ಇದು ನಿನ್ನದಲ್ಲ ಎನ್ನಲು ಹೊಸಬರಿಗೆ ಯಾವ ಅಧಿಕಾರವೂ ಇಲ್ಲ. ಹುಟ್ಟಿನಿಂದಲ್ಲದೆ ದೀಕ್ಷೆಯಿಂದ ಒಬ್ಬ ಪರಂಪರೆಯವನಾಗುತ್ತಾನೆ ಎಂಬುದು ಈ ಸೀಮೆಗೆ ಹೊಸ ಮಾತಲ್ಲ. ಖಜೂರಿಯ ಕೋರಣೇಶ್ವರ ಮಠದ ಪರಂಪರೆಗೆ ಸೇರಿದ, ಗದಗ ಜಿಲ್ಲೆ ಅಸೂಟಿಯ ಮಠಕ್ಕೆ 2020ರಲ್ಲಿ ಆರಿಸಲಾದ ಯುವಕ ಮುಸ್ಲಿಂ ಮನೆತನದವನು. ಮಠದ ಗದ್ದುಗೆಗೇ ಕುಲ ಕೇಳದ ಕಡೆ ಹೆಜ್ಜೆಗೆ ಕುಲ ಕೇಳುವುದು ಎಂಥ ವಿವೇಕ?

ಲೇಜಿಮ್ಮಿನ ಕಥೆ ಇನ್ನೂ ಚಿಕ್ಕದು, ಇನ್ನೂ ಸ್ಪಷ್ಟ. ಇರಾನಿನ ಗರಡಿಮನೆಗಳಲ್ಲಿ ಬಿಲ್ಲಿನಾಕಾರದ, ಸರಪಳಿ ಕಟ್ಟಿದ ಒಂದು ಕಸರತ್ತಿನ ಸಾಧನವಿದೆ. ಬಿಲ್ಲುಗಾರನ ತೋಳು ಬಲಿಯಲೆಂದು ಮಾಡಿದ್ದು. ಲೇಜಿಮ್ ಎಂಬ ಹೆಸರು ಪಾರಸಿ ಮೂಲದ್ದು. ಅದು ಮಹಾರಾಷ್ಟ್ರದ ತಾಲೀಮು ಎಂಬ ಗರಡಿಗಳಿಗೆ ಬಂದು, ಮರದ ಹಿಡಿಗೆ ಸರಪಳಿ, ಬಿಲ್ಲೆ ಸೇರಿ, ಕಸರತ್ತು ತಾಳವಾಗಿ, ತಾಳ ಕುಣಿತವಾಗಿ, ಗಡಿ ದಾಟಿ ಕನ್ನಡ ಶಾಲೆಯ ಮಕ್ಕಳ ಕೈಗೆ ಬಂತು. ಯುದ್ಧದ ಸಾಧನವೊಂದು ಮಕ್ಕಳ ಆಟವಾದ ಈ ದಾರಿಯಲ್ಲಿ ‘ಮೂಲ ಶುದ್ಧ ರೂಪ’ ಎಂದು ಬೆರಳಿಡುವ ಜಾಗ ಯಾವುದು? ಅಫಜಲಪುರದ ಹುಡುಗಿ ಇರಾನಿನ ಪೈಲ್ವಾನನಿಗೂ ಸಾಂಗ್ಲಿಯ ತಾಲೀಮಿಗೂ ಬಾಕಿಯಲ್ಲಿದ್ದಾಳೆ, ಹಾಗಿದ್ದೂ ಅವಳ ಲೇಜಿಮ್ ಅವಳದೇ.

ಇಲ್ಲೊಂದು ಬಲವಾದ ಆಕ್ಷೇಪಣೆ ಏಳುತ್ತದೆ. ಎಲ್ಲವೂ ಬೆರಕೆಯೇ ಆದರೆ, ಬದಲಾವಣೆಯೇ ಬಾಳ್ವೆಯಾದರೆ, ಮೆರವಣಿಗೆಯ ಮುಂದೆ ಟ್ರ್ಯಾಕ್ಟರಿನ ಮೇಲೆ ಡಿಜೆ ಪೆಟ್ಟಿಗೆ ಹೇರಿ ಸಿನಿಮಾ ಹಾಡಿಗೆ ಕುಣಿಯುವುದನ್ನೂ ಒಪ್ಪಬೇಕಲ್ಲವೇ? ಅಲ್ಲಿಯೂ ಜನ ಕೂಡಿಯೇ ಕುಣಿಯುತ್ತಾರೆ, ಯಾರನ್ನೂ ತಡೆಯುವುದಿಲ್ಲ. ಸಿನಿಮಾ ಹಾಡು ಬಂತೆಂಬುದಕ್ಕೇ ಬೇಸರಪಡುವುದು ಸಲ್ಲದು, ನಿಜ. ಸಿನಿಮಾದ ಮಟ್ಟುಗಳನ್ನು ಹಿಡಿದು ಭಜನೆ ಪದ ಕಟ್ಟಿದವರಿದ್ದಾರೆ, ಆ ಪದಗಳಲ್ಲಿ ಕೆಲವು ಚೆನ್ನಾಗಿಯೇ ಇವೆ. ವ್ಯತ್ಯಾಸ ಇರುವುದು ಹಾಡಿನ ಮೂಲದಲ್ಲಿ ಅಲ್ಲ. ಹೊರಗಿನಿಂದ ಬಂದದ್ದನ್ನು ಮೇಳ ತನ್ನ ಬಾಯಿಗೆ, ತನ್ನ ಕೈಗೆ ತಂದುಕೊಂಡರೆ ಅದು ಬೆಳವಣಿಗೆ. ಡಿಜೆ ಪೆಟ್ಟಿಗೆಯ ಮುಂದೆ ಸೊಲ್ಲು ಕೊಡುವವರು ಇಲ್ಲ, ಸೊಲ್ಲು ಮರಳಿಸಿದರೂ ಕೇಳಿಸುವುದಿಲ್ಲ. ಪಕ್ಕದವನ ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸುವ ಅಗತ್ಯವೂ ಇಲ್ಲ. ಕಲಿಯಬೇಕಾದ್ದೇನೂ ಇಲ್ಲವಾದ್ದರಿಂದ ಕಲಿಸುವ ಹಿರಿಯನಿಗೆ ಅಲ್ಲಿ ಕೆಲಸವಿಲ್ಲ. ಹತ್ಯೆಯ ರಾತ್ರಿ ಕತ್ತಲ ರಾತ್ರಿಯಾದಾಗ ಏನೂ ಕೆಡಲಿಲ್ಲ, ಏಕೆಂದರೆ ಆ ಬದಲಾವಣೆ ಜನರ ಬಾಯಲ್ಲೇ ಆಯಿತು. ಡಿಜೆ ತಂದ ಬದಲಾವಣೆ ಬಾಯನ್ನೇ ಮುಚ್ಚಿಸಿತು.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಆಳದ್ದು. ಈ ಬರಹ ಹೊಗಳುತ್ತಿರುವ ‘ಕೂಡಿ ಕುಣಿಯುವುದು’ ನಿಜವಾಗಿಯೂ ಎಲ್ಲರೂ ಕೂಡಿದ್ದೇ? ಹೆಜ್ಜೆಗೆ ಜೀವ ಹಲಗೆ. ಹಲಗೆ ಬಾರಿಸುವುದು ಬಹುತೇಕ ಊರುಗಳಲ್ಲಿ ದಲಿತ ಕೇರಿಯವರ ಪಾಲಿಗೆ ಬಂದದ್ದು, ಆರಿಸಿಕೊಂಡದ್ದಲ್ಲ. ಚರ್ಮ ಹದ ಮಾಡಿದವನು, ಬೆಂಕಿಗೆ ಕಾಸಿ ದನಿ ಏರಿಸಿದವನು, ರಾತ್ರಿಯಿಡೀ ನಿಂತು ಬಾರಿಸಿದವನು ಹೆಜ್ಜೆಯ ಸುತ್ತಿನ ಅಂಚಿನಲ್ಲೇ ಉಳಿದ. ಹಬ್ಬದ ಹಲಗೆಗೆ ಕರೆದ ಊರೇ ಸಾವಿನ ಹಲಗೆಗೂ ಡಂಗುರಕ್ಕೂ ಬಿಟ್ಟಿಯಾಗಿ ಕರೆಯುತ್ತಿತ್ತು. 1970ರ ದಶಕದಿಂದ ಕರ್ನಾಟಕದಲ್ಲಿ ದಲಿತ ಚಳವಳಿ ಎದ್ದಾಗ ಬಿಟ್ಟಿ ಹಲಗೆ ಬಾರಿಸುವುದಿಲ್ಲ ಎಂದು ಯುವಕರು ನಿರಾಕರಿಸಿದರು, ಕೆಲವು ಕಡೆ ಅದಕ್ಕೆ ಬಹಿಷ್ಕಾರದ ಬೆಲೆ ತೆತ್ತರು. ಅದೇ ಹಲಗೆಯನ್ನು ಚಳವಳಿಯ ಮೆರವಣಿಗೆಗೆ ಹೋರಾಟದ ವಾದ್ಯವಾಗಿ ತಂದರು. ಇದನ್ನು ಕಂಡು ‘ಪರಂಪರೆ ಹಾಳಾಯಿತು’ ಎಂದವರು ತಾವು ಯಾವುದನ್ನು ಪರಂಪರೆ ಎಂದು ಕರೆಯುತ್ತಿದ್ದೇವೆ ಎಂದು ಕೇಳಿಕೊಳ್ಳಲಿಲ್ಲ. ಹೆಣ್ಣುಮಕ್ಕಳ ಮಾತೂ ಇದೇ. ಅನೇಕ ಊರುಗಳಲ್ಲಿ ಅಲಾಯಿ ಹೆಜ್ಜೆಯ ಸುತ್ತಿನಲ್ಲಿ ಅವರಿಗೆ ಜಾಗವಿಲ್ಲ, ಬಾಗಿಲಲ್ಲಿ ನಿಂತು ನೋಡುವುದಷ್ಟೇ ಅವರ ಪಾಲು.

ಈ ಆಕ್ಷೇಪಣೆಗೆ ತಲೆಬಾಗಬೇಕು. ಆದರೆ ಇದು ಬೀಳಿಸುವುದು ಯಾರ ವಾದವನ್ನು? ಇದ್ದದ್ದನ್ನು ಇದ್ದಂತೆ ಉಳಿಸಬೇಕೆನ್ನುವವರ ವಾದವನ್ನು. ಇದ್ದಂತೆ ಉಳಿಸಿದರೆ ಅಂಚಿನಲ್ಲಿ ನಿಂತವನೂ ಇದ್ದಂತೆ ಅಂಚಿನಲ್ಲೇ ಉಳಿಯುತ್ತಾನೆ, ಲೂಸಿಯಾನಾದ ಧಣಿಯ ಹಜಾರದಲ್ಲಿ ಪಿಟೀಲು ಹಿಡಿದು ನಿಂತ ನಾರ್ತಪ್‌ನ ಹಾಗೆ. ಡೊಳ್ಳಿನ ಉದಾಹರಣೆ ಇಲ್ಲಿ ದಾರಿ ತೋರಿಸುತ್ತದೆ. ಬೀರೇಶ್ವರನ ಸೇವೆಯಾಗಿ ಹಾಲುಮತದ ಗಂಡಸರು ಬಾರಿಸುತ್ತಿದ್ದ ಡೊಳ್ಳನ್ನು ಇತ್ತೀಚಿನ ದಶಕಗಳಲ್ಲಿ ಹೆಣ್ಣುಮಕ್ಕಳ ತಂಡಗಳು ಹೆಗಲಿಗೇರಿಸಿವೆ. ಡೊಳ್ಳು ಅದರಿಂದ ಮೆತ್ತಗಾಗಲಿಲ್ಲ. ಯಾರು ಬಾರಿಸಬಹುದು ಎಂಬ ನಿಯಮವೊಂದು ಬದಲಾಯಿತು, ಅಷ್ಟೇ. ಆ ನಿಯಮ ಬದಲಾಗಲೇಬೇಕಿತ್ತು.

ಹಾಗಾದರೆ ಸಣ್ಣ ಸಮುದಾಯಗಳಿಗೆ ತಮ್ಮ ಕುಣಿತದ ಮೇಲೆ ಹಕ್ಕೇ ಇಲ್ಲವೇ? ಬಂಜಾರ ಹೆಣ್ಣುಮಕ್ಕಳು ಕನ್ನಡಿ ಕೂರಿಸಿ ಕಸೂತಿ ಹಾಕಿದ ಉಡುಗೆಯನ್ನು ಬಾಡಿಗೆಗೆ ತಂದು, ಕಾಲೇಜಿನ ಯಾರೋ ಮಕ್ಕಳು ‘ಲಂಬಾಣಿ ನೃತ್ಯ’ ಎಂದು ವೇದಿಕೆಯಲ್ಲಿ ಕುಣಿದು ಬಹುಮಾನ ಪಡೆದಾಗ ತಾಂಡಾದವರಿಗೆ ನೋವಾಗುವುದು ಸಹಜ. ಉತ್ತರ ಕನ್ನಡದ ಸಿದ್ದಿಗಳ ಡಮಾಮಿ ಕುಣಿತಕ್ಕೂ ಇದೇ ಆಗುತ್ತದೆ. ಆಫ್ರಿಕದಿಂದ ಗುಲಾಮರಾಗಿ ಬಂದವರ ವಂಶದ ಆ ಜನಕ್ಕೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ, ಅವರ ಕುಣಿತ ಅದಕ್ಕೆ ಮೊದಲೇ ಉತ್ಸವಗಳಿಗೆ ಬೇಕಾಗಿತ್ತು. ಇಲ್ಲಿ ಎರಡು ಮಾತನ್ನು ಬೇರ್ಪಡಿಸಬೇಕು. ಸ್ವತ್ತು ಬೇರೆ, ಋಣ ಬೇರೆ. ಕುಣಿತ ಒಂದು ಜನದ ಸ್ವತ್ತು ಎಂದರೆ ಇತರರು ಮುಟ್ಟಬಾರದು ಎಂದಾಗುತ್ತದೆ. ತಲೆಮಾರುಗಟ್ಟಲೆ ಎತ್ತಿನ ಬೆನ್ನಿಗೆ ಉಪ್ಪು, ಧಾನ್ಯ ಹೇರಿಕೊಂಡು ದೇಶದುದ್ದ ನಡೆದ, ನಡೆದ ದಾರಿಯ ಹಾಡನ್ನೆಲ್ಲ ಹೀರಿಕೊಂಡ ಬಂಜಾರರ ಇತಿಹಾಸಕ್ಕೇ ಅದು ಹೊಂದುವುದಿಲ್ಲ. ಋಣವೆಂದರೆ ಬೇರೆ ಲೆಕ್ಕ. ಯಾರಿಂದ ಕಲಿತೆವೋ ಅವರ ಹೆಸರು ಹೇಳಬೇಕು, ಕಲಿಸಿದ್ದಕ್ಕೆ ಹಣ ಕೊಡಬೇಕು, ಬಹುಮಾನದ ವೇದಿಕೆಗೆ ಅವರನ್ನು ಮೊದಲು ಕರೆಯಬೇಕು. ತಾಂಡಾದವರಿಗೆ ನೋವಾದದ್ದು ಬೇರೆಯವರು ಕುಣಿದರೆಂದಲ್ಲ, ತಮ್ಮನ್ನು ಕೇಳದೆ, ಕರೆಯದೆ ಕುಣಿದರೆಂದು. ಅದು ಋಣ ತೀರಿಸದವರ ಮೇಲಿನ ನ್ಯಾಯವಾದ ಸಿಟ್ಟು.

ಇನ್ನುಳಿದದ್ದು ಮೂರನೆಯ ಮಾತು, ಹಿಡಿದಿಟ್ಟು ಉಳಿಸುವುದು. ಇದರ ಫಲವನ್ನೂ ಅಮೆರಿಕ ನೋಡಿದೆ. ಎರಡನೆಯ ಮಹಾಯುದ್ಧದ ನಂತರ ಸ್ಕ್ವೇರ್ ಡಾನ್ಸ್ ಕ್ಲಬ್ಬುಗಳು ದೇಶದುದ್ದ ಎದ್ದವು. ಪಿಟೀಲುಗಾರನ ಜಾಗಕ್ಕೆ ಗ್ರಾಮಾಫೋನ್ ತಟ್ಟೆ ಬಂತು. ಉಡುಗೆ ನಿಗದಿಯಾಯಿತು. 1974ರಲ್ಲಿ ‘ಕಾಲರ್‌ಲ್ಯಾಬ್’ ಎಂಬ ಕಾಲರ್‌ಗಳ ಸಂಸ್ಥೆ ಹುಟ್ಟಿ ಕೂಗುಗಳನ್ನೆಲ್ಲ ಪಟ್ಟಿಮಾಡಿ ದರ್ಜೆಗಳಾಗಿ ಜೋಡಿಸಿತು. ಯಾವ ಊರಿಗೆ ಹೋದರೂ ಒಂದೇ ಕೂಗು, ಒಂದೇ ಹೆಜ್ಜೆ ಎಂಬುದು ಅನುಕೂಲವೇ ಆಗಿತ್ತು. ಆದರೆ ಹೊಸಬ ಸುತ್ತಿಗೆ ಸೇರಬೇಕಾದರೆ ತಿಂಗಳುಗಟ್ಟಲೆ ಪಾಠಕ್ಕೆ ಹೋಗಬೇಕಾಯಿತು. ಹಿಂದೆ ಕೊಟ್ಟಿಗೆಯಲ್ಲಿ ಕಾಲರ್ ಕೂಗಿದ್ದನ್ನು ಕೇಳಿ, ಎದುರಿನ ಜೋಡಿಯನ್ನು ನೋಡಿ, ಒಂದೇ ಸಂಜೆಯಲ್ಲಿ ಕಲಿಯುತ್ತಿದ್ದ ಕುಣಿತ ಪರೀಕ್ಷೆಯಾಯಿತು. ಹೊಸಬರು ಬರುವುದು ಕಡಿಮೆಯಾಗಿ, ಕ್ಲಬ್ಬುಗಳಲ್ಲಿ ತಲೆ ನರೆತವರೇ ಉಳಿದರು. ಕಡೆಗೆ ಅದೇ ಸಂಸ್ಥೆ ಕಡಿಮೆ ಕೂಗುಗಳ ಚಿಕ್ಕ ಪಾಠಕ್ರಮವನ್ನು ರೂಪಿಸಬೇಕಾಯಿತು. ಕಾಪಾಡಲೆಂದು ಕಟ್ಟಿದ ಬೇಲಿಯಲ್ಲಿ ಬಾಗಿಲು ಕೊರೆಯುವ ಕೆಲಸ ಅದು.

ನಮ್ಮ ಸ್ಪರ್ಧೆಗಳು ಈ ದಾರಿಯಲ್ಲೇ ನಡೆದಿವೆ. ತಂಡಕ್ಕೆ ಇಷ್ಟೇ ಜನ, ಇಷ್ಟೇ ನಿಮಿಷ, ಎಲ್ಲರಿಗೂ ಒಂದೇ ಬಣ್ಣದ ರುಮಾಲು, ಮುಖ ಪ್ರೇಕ್ಷಕರ ಕಡೆಗೆ. ಈ ಕೊನೆಯ ನಿಯಮ ಸಣ್ಣದೆನಿಸುತ್ತದೆ, ಆದರೆ ಹಾನಿ ಹೆಚ್ಚು ಮಾಡುವುದು ಅದೇ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಸುತ್ತು ದೊಡ್ಡದಾದಂತೆ ನೋಡುತ್ತ ನಿಂತವನಿಗೂ ಜಾಗ ಸಿಗುತ್ತದೆ, ಎರಡು ಸುತ್ತು ತಪ್ಪುಹೆಜ್ಜೆ ಹಾಕಿ ಮೂರನೆಯದಕ್ಕೆ ಅವನೂ ಹೊಂದಿಕೊಳ್ಳುತ್ತಾನೆ. ವೇದಿಕೆಯ ಮೇಲೆ ಸುತ್ತು ಒಡೆದು ಸಾಲಾಗುತ್ತದೆ, ಸಾಲಿನ ಮುಂದೆ ಕುರ್ಚಿಗಳು ಬರುತ್ತವೆ. ಕುಣಿಯುವ ಜನ ಬೇರೆ, ನೋಡುವ ಜನ ಬೇರೆ ಆಗುತ್ತಾರೆ. ಹೆಜ್ಜೆ ಅದೇ ಇರಬಹುದು, ಹಲಗೆ ಅದೇ ಇರಬಹುದು. ಸೇರಿಕೊಳ್ಳುವ ದಾರಿ ಮುಚ್ಚಿಹೋಗಿರುತ್ತದೆ. ವೇದಿಕೆ ಬೇಡವೇ ಬೇಡ ಎಂದಲ್ಲ. ಬಡ ಕಲಾವಿದನಿಗೆ ಅಲ್ಲಿ ಸಿಗುವ ಸಂಭಾವನೆ, ಮರ್ಯಾದೆ ದೊಡ್ಡದು, ದೂರದೂರಿನ ಕುಣಿತ ನೋಡಲು ಬೇರೆ ದಾರಿಯೂ ಇಲ್ಲ. ಆದರೆ ವೇದಿಕೆಗೆ ಹೋಗಿ ಬಂದದ್ದನ್ನು ಕುಣಿತ ಉಳಿದ ಲೆಕ್ಕಕ್ಕೆ ಹಿಡಿಯುವುದು ತಪ್ಪು ಲೆಕ್ಕ.

ಉಳಿಸುವ ಹಣವಿರುವ ಅಕಾಡೆಮಿಗಳು, ಇಲಾಖೆಗಳು, ಹಬ್ಬ ನಡೆಸುವ ಊರಿನ ಹಿರಿಯರು ಈ ಲೆಕ್ಕವನ್ನು ತಿದ್ದಬಹುದು. ಸ್ಪರ್ಧೆಗೆ ಸುರಿಯುವ ಹಣದ ಒಂದು ಪಾಲನ್ನು ಊರೊಳಗಿನ ಕಲಿಕೆಗೆ ಕೊಡಲಿ. ಲೇಜಿಮ್ ಕಲಿಸುವ ಶಾಲೆ ಮೊಹರಮ್ಮಿನ ಪದಗಾರನನ್ನೂ ತಾಂಡಾದ ಹಾಡುಗಾರ್ತಿಯನ್ನೂ ಮೇಷ್ಟ್ರ ಸಂಬಳ ಕೊಟ್ಟು ಕರೆಯಲಿ, ಹುಡುಗರಿಗೂ ಹುಡುಗಿಯರಿಗೂ ಒಟ್ಟಿಗೆ ಕಲಿಸಲಿ. ಮುಂದಿನ ಕತ್ತಲ ರಾತ್ರಿಗೆ ಅಚ್ಚು ಹಾಕಿಸುವ ಕರಪತ್ರದಲ್ಲಿ ಪದ ಹಾಡುವವರ ಹೆಸರಿನ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ, ಹಲಗೆ ಬಾರಿಸುವವರ ಹೆಸರೂ ಇರಲಿ. ಹಲಗೆಯನ್ನು ಬೇರೆಯವರು ಹಿಡಿಯಲು ಕಲಿತು, ಇಲ್ಲಿಯವರೆಗೆ ಬಾರಿಸುತ್ತ ಬಂದವರನ್ನೂ ಅವರ ಮಕ್ಕಳನ್ನೂ ಹೆಜ್ಜೆಯ ಸುತ್ತಿನೊಳಗೆ ಕರೆಯಲಿ.